ಮಗುವಿನ ಬಟ್ಟೆಯಲ್ಲಿ ಜೋನಿ ಬೆಲ್ಲದ ಘಮ: ಮೆಂತ್ಯ, ಮೂಗು ಮತ್ತು ಒಂದು ಅಪರೂಪದ ಕಾಯಿಲೆ

ತಂಗಿಯ ಬಾಣಂತನದ ಹತ್ತನೇ ದಿನ. ಮಗುವಿನ ಒದ್ದೆ ಬಟ್ಟೆಗಳನ್ನು ಬಕೆಟ್ಟಿಗೆ ಹಾಕುತ್ತಿದ್ದ ಅಮ್ಮ ಒಂದು ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದು ಹಾಗೇ ನಿಂತರು. "ಇದೇನೇ ಇದು, ಜೋನಿ ಬೆಲ್ಲದ ಹಾಗೆ ಘಮ್ ಅಂತಿದೆ!" ಅಂದರು. ನಾನೂ ಮೂಸಿ ನೋಡಿದೆ. ನಿಜ. ಆಲೆಮನೆಯಲ್ಲಿ ಕೊಪ್ಪರಿಗೆ ಇಳಿಸುವ ಹೊತ್ತಿಗೆ ಬರುತ್ತದಲ್ಲ, ಪಾಕ ಇನ್ನೇನು ಕೆಂಪಾಗುವಾಗಿನ ಪರಿಮಳ, ಥೇಟ್ ಅದೇ.

ಅಜ್ಜಿಗೆ ಆಶ್ಚರ್ಯವೇ ಆಗಲಿಲ್ಲ. "ಬೆಳಿಗ್ಗೆ ಎರಡು, ಸಂಜೆ ಎರಡು ಮೆಂತ್ಯದ ಉಂಡೆ ತಿಂತಿದ್ದಾಳೆ. ಹಾಲು ಕುಡಿಯೋ ಕೂಸಿಗೆ ಬರದೆ ಇರತ್ತಾ?" ಅಂದರು. ಅಷ್ಟರಲ್ಲಿ ತಂಗಿ ಮೊಬೈಲಿನಲ್ಲಿ ಹುಡುಕಿ ಮುಖ ಸಣ್ಣಗೆ ಮಾಡಿಕೊಂಡಿದ್ದಳು. ಮಗುವಿನ ಮೂತ್ರಕ್ಕೆ ಸಿಹಿ ವಾಸನೆ ಅಂತ ಹುಡುಕಿದರೆ ಸಿಗುವುದು ಒಂದು ಗಂಭೀರ ಕಾಯಿಲೆಯ ಹೆಸರು: ಮೇಪಲ್ ಸಿರಪ್ ಯೂರಿನ್ ಡಿಸೀಸ್.

ಅಜ್ಜಿಯ ಮಾತಿಗೂ ಆಧಾರ ಇದೆ, ತಂಗಿಯ ಭಯಕ್ಕೂ ಆಧಾರ ಇದೆ. ಮೆಂತ್ಯದ ಘಮ, ಆ ಕಾಯಿಲೆಯ ಘಮ, ಎರಡಕ್ಕೂ ಕಾರಣ ಒಂದೇ ವಸ್ತು. ಅದರ ಹೆಸರು ಸೊಟೊಲೋನ್. ಬಾಣಂತಿ ಇರುವ ಮನೆಯವರಿಗೂ, ಸಕ್ಕರೆ ಕಾಯಿಲೆಗೆ ಅಂತ ದಿನಾ ಮೆಂತ್ಯ ನೆನೆಸಿ ಕುಡಿಯುವವರಿಗೂ ಈ ವಸ್ತುವಿನ ಕಥೆ ಗೊತ್ತಿರಬೇಕು ಅಂತ ನನಗೆ ಅನ್ನಿಸಿತು.

ಮೊದಲು, ವಾಸನೆ ಅಂದರೇನು?

ಉಪ್ಪಿಗೆ ವಾಸನೆ ಇಲ್ಲ. ಒಗ್ಗರಣೆಗೆ ಇದೆ. ಯಾಕೆ? ವಾಸನೆ ಬರಬೇಕಾದರೆ ಆ ವಸ್ತುವಿನ ಕಣಗಳು ಹಾರಿ ಗಾಳಿಗೆ ಸೇರಬೇಕು. ಉಪ್ಪಿನ ಕಣಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುತ್ತವೆ, ಹಾರುವುದಿಲ್ಲ. ಜೀರಿಗೆ, ಇಂಗು, ಕರಿಬೇವಿನಲ್ಲಿರುವ ಎಷ್ಟೋ ಸಣ್ಣ ಕಣಗಳು ಸ್ವಲ್ಪ ಬಿಸಿ ತಾಗಿದರೆ ಸಾಕು, ಎದ್ದು ಹೊರಡುತ್ತವೆ. ಇಂಥ ಒಂದೊಂದು ಕಣವನ್ನು ಅಣು ಅನ್ನುತ್ತಾರೆ.

ಮೂಗಿನ ಒಳಗೆ ಮೇಲ್ಗಡೆ, ಎರಡು ಕಣ್ಣುಗಳ ನಡುವಿನ ಮಟ್ಟದಲ್ಲಿ, ವಾಸನೆ ಹಿಡಿಯುವ ನರಕೋಶಗಳ ಒಂದು ಸಣ್ಣ ಪಟ್ಟಿ ಇದೆ. ಆ ಕೋಶಗಳ ತುದಿಯಲ್ಲಿ ಅಣುಗಳು ಬಂದು ಕೂರುವ ಜಾಗಗಳಿವೆ. ಇವಕ್ಕೆ ಗ್ರಾಹಕ ಅಂತ ಹೆಸರು. ಮನುಷ್ಯರಲ್ಲಿ ಸುಮಾರು 400 ಬಗೆಯ ಗ್ರಾಹಕಗಳಿವೆ. ಇವುಗಳ ಹಿಂದಿರುವ ಜೀನ್‌ಗಳನ್ನು 1991ರಲ್ಲಿ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಪತ್ತೆ ಮಾಡಿದರು. 2004ರಲ್ಲಿ ಅವರಿಗೆ ನೊಬೆಲ್ ಬಂತು.

400 ಬಗೆ ಅಂದ ಮಾತ್ರಕ್ಕೆ 400 ವಾಸನೆ ಮಾತ್ರ ಅಂತಲ್ಲ. ಹಾರ್ಮೋನಿಯಂ ಇದ್ದ ಹಾಗೆ. ಮನೆಗಳು ಕೆಲವೇ, ಆದರೆ ಯಾವ ಯಾವ ಮನೆ ಒಟ್ಟಿಗೆ ಒತ್ತುತ್ತೀರಿ ಅನ್ನುವುದರ ಮೇಲೆ ಸ್ವರ ಬದಲಾಗುತ್ತದೆ. ಒಂದೇ ಅಣು ಹಲವು ಗ್ರಾಹಕಗಳನ್ನು ಒತ್ತಬಹುದು, ಒಂದು ಗ್ರಾಹಕವನ್ನು ಹಲವು ಅಣುಗಳು ಒತ್ತಬಹುದು. ಒಟ್ಟು ಸೇರಿ ಬಂದದ್ದನ್ನು ಮೆದುಳು "ಇದು ಸಾರು", "ಇದು ಮಲ್ಲಿಗೆ" ಅಂತ ಗುರುತಿಸುತ್ತದೆ.

ಇನ್ನೊಂದು ವಿಷಯ ಇದೆ. ಆಹಾರಗಳಲ್ಲಿ ಗಾಳಿಗೆ ಹಾರಬಲ್ಲ ಸುಮಾರು 10,000 ಅಣುಗಳನ್ನು ಇದುವರೆಗೆ ಗುರುತಿಸಿದ್ದಾರೆ. ಆದರೆ ಊಟದ ಪರಿಮಳ ಕಟ್ಟಿಕೊಡುವ ಮುಖ್ಯ ಅಣುಗಳು ಸುಮಾರು 230 ಮಾತ್ರ ಅಂತ ಜರ್ಮನಿಯ ಸಂಶೋಧಕರು 2014ರಲ್ಲಿ ತೋರಿಸಿದರು. ಉಳಿದವು ಮೂಗಿಗೆ ತಾಗುವಷ್ಟು ಇರುವುದಿಲ್ಲ, ಅಥವಾ ಮೂಗಿಗೆ ಅವುಗಳ ಪರಿವೆ ಇಲ್ಲ. ಜಾತ್ರೆಯಲ್ಲಿ ಸಾವಿರಾರು ಜನ ಇದ್ದರೂ ಕಿವಿಗೆ ಬೀಳುವುದು ಡೊಳ್ಳು, ವಾಲಗ, ಮೈಕಿನವನ ಕೂಗು ಮಾತ್ರ ಅಲ್ವಾ, ಹಾಗೆ.

ಸೊಟೊಲೋನ್ ಅನ್ನುವ ಡೊಳ್ಳು

ಸೊಟೊಲೋನ್ ಅಂಥ ಒಂದು ಡೊಳ್ಳು. ಇದರ ಅಣು ಬಹಳ ಸಣ್ಣದು. ಆರು ಇಂಗಾಲ, ಎಂಟು ಜಲಜನಕ, ಮೂರು ಆಮ್ಲಜನಕ, ಅಷ್ಟೇ. ಆದರೆ ಮೂಗಿಗೆ ಅದು ಗೊತ್ತಾಗಲು ಅತಿ ಕಡಿಮೆ ಸಾಕು. ನೂರು ಕೋಟಿ ಪಾಲು ವೈನ್‌ನಲ್ಲಿ ಇದು ಹತ್ತು ಹದಿನೈದು ಪಾಲು ಇದ್ದರೂ ಪಳಗಿದ ಮೂಗು ಹಿಡಿಯುತ್ತದೆ.

ಹೆಸರು ಜಪಾನಿನಿಂದ ಬಂದದ್ದು. 1980ರಲ್ಲಿ ಅಲ್ಲಿನ ವಿಜ್ಞಾನಿಗಳು ಶುದ್ಧ ಮಾಡದ ಕಬ್ಬಿನ ಸಕ್ಕರೆಯ ಪರಿಮಳ ಯಾವುದರಿಂದ ಅಂತ ಹುಡುಕಿದಾಗ ಇದು ಸಿಕ್ಕಿತು. ಹಸಿ ಸಕ್ಕರೆಗೆ ಹೇಳುವ ಜಪಾನಿ ಪದವನ್ನೇ ಹೆಸರಿಗೆ ಸೇರಿಸಿದರು. ಅಮ್ಮನ ಮೂಗು ಜೋನಿ ಬೆಲ್ಲ ಅಂದದ್ದು ಸುಮ್ನೆ ಅಲ್ಲ. ಕಬ್ಬಿನ ಹಾಲು ಕಾದು ಬಂದ ಕಂದು ಸಕ್ಕರೆಯ ಪರಿಮಳದಲ್ಲಿ ಈ ಅಣುವಿಗೆ ಪಾಲು ಇದೆ. ಹಳೆಯ ಸೋಯಾ ಸಾಸ್, ವರ್ಷಗಟ್ಟಲೆ ಇಟ್ಟ, ಸಾಕೆ ಅನ್ನುವ ಜಪಾನಿನ ಅಕ್ಕಿ ಮದ್ಯ, ಸ್ಪೇನಿನ ಶೆರಿ ವೈನ್, ಫ್ರಾನ್ಸಿನ ಯೂರಾ ಸೀಮೆಯ ಹಳದಿ ವೈನ್, ಇವುಗಳಲ್ಲೂ ಇದೆ.

ಈ ಅಣುವಿನ ಒಂದು ಗುಣ ನನಗೆ ತುಂಬಾ ಇಷ್ಟ. ಕಡಿಮೆ ಇದ್ದರೆ ಇದು ಬೆಲ್ಲದ ಪಾಕ, ಕ್ಯಾರಮೆಲ್, ಮೇಪಲ್ ಸಿರಪ್ ಅನ್ನಿಸುತ್ತದೆ. ಜಾಸ್ತಿ ಆದರೆ ಮೆಂತ್ಯ, ಸಾಂಬಾರ್ ಪುಡಿ ಅನ್ನಿಸುತ್ತದೆ. ವಸ್ತು ಒಂದೇ, ಪ್ರಮಾಣ ಬೇರೆ. ಇಂಗು ಚಿಟಿಕೆಯಷ್ಟಿದ್ದರೆ ಸಾರಿಗೆ ಹದ, ಚಮಚದಷ್ಟು ಬಿದ್ದರೆ ಮನೆಯವರೆಲ್ಲ ಕಿಟಕಿ ತೆಗೆಯಬೇಕು. ಇಲ್ಲಿ ಅದಕ್ಕಿಂತ ಮುಂದೆ ಹೋಗಿ ವಾಸನೆಯ ಜಾತಿಯೇ ಬದಲಾಗುತ್ತದೆ.

ಮೇಪಲ್ ಸಿರಪ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ಕೆನಡಾ ಮತ್ತು ಅಮೆರಿಕದ ಉತ್ತರ ಭಾಗದಲ್ಲಿ ಮೇಪಲ್ ಮರಕ್ಕೆ ತೂತು ಹಾಕಿ, ಸೋರುವ ರಸವನ್ನು ಕಾಯಿಸಿ ಕಾಯಿಸಿ ಗಟ್ಟಿ ಮಾಡುತ್ತಾರೆ. ನಾವು ದೋಸೆಗೆ ಜೋನಿ ಬೆಲ್ಲ ಹಾಕಿಕೊಂಡಂತೆ ಅಲ್ಲಿ ದಪ್ಪ ದೋಸೆಗೆ ಅದನ್ನು ಸುರಿದುಕೊಳ್ಳುತ್ತಾರೆ. ಅಗ್ಗದ ನಕಲಿ ಮೇಪಲ್ ಸಿರಪ್‌ಗೆ ಪರಿಮಳ ಕೊಡಲು ಬಳಸುವುದು ಏನು ಗೊತ್ತಾ? ಮೆಂತ್ಯದ ಸಾರ.

ಬಾಣಲೆಯಲ್ಲಿ ಏನಾಗುತ್ತದೆ?

ಹಸಿ ಮೆಂತ್ಯ ಕಾಳನ್ನು ಮೂಸಿ ನೋಡಿ. ಒಣ ಹುಲ್ಲಿನ ಹಾಗೆ ಒಂದು ಮಂದ ವಾಸನೆ. ಅದರ ಸಸ್ಯಶಾಸ್ತ್ರದ ಹೆಸರು ಟ್ರೈಗೊನೆಲ್ಲಾ ಫೀನಮ್ ಗ್ರೀಕಮ್. ಫೀನಮ್ ಗ್ರೀಕಮ್ ಅಂದರೆ ಗ್ರೀಕರ ಒಣಹುಲ್ಲು ಅಂತ. ಈಗ ಸಣ್ಣ ಉರಿಯಲ್ಲಿ ಬಾಣಲೆ ಇಟ್ಟು ಎರಡು ಚಮಚ ಕಾಳು ಹಾಕಿ. ಮೊದಲ ನಿಮಿಷ ಏನೂ ಇಲ್ಲ. ಆಮೇಲೆ ಹಳದಿ ಕಾಳು ಕೆಂಪಾಗುತ್ತಾ ಬರುತ್ತದೆ, ಒಂದೆರಡು ಚಟಪಟ ಅನ್ನುತ್ತವೆ, ಥಟ್ಟನೆ ಅಡುಗೆಮನೆ ತುಂಬಾ ಹುಳಿಪುಡಿ ಹುರಿದ ಘಮ. ಇಲ್ಲೇ ಇಳಿಸಬೇಕು. ಇನ್ನೂ ಬಿಟ್ಟರೆ ಕರಿ, ಕಹಿ.

ಆ ಒಂದೆರಡು ನಿಮಿಷದಲ್ಲಿ ಆಗುವುದು ಇದು. ಮೆಂತ್ಯದಲ್ಲಿ 4-ಹೈಡ್ರಾಕ್ಸಿಐಸೊಲ್ಯೂಸಿನ್ ಅನ್ನುವ ಒಂದು ಅಮೈನೋ ಆಮ್ಲ ಇದೆ. ಅಮೈನೋ ಆಮ್ಲ ಅಂದರೆ ಪ್ರೋಟೀನಿನ ಇಟ್ಟಿಗೆ. ಆದರೆ ಈ ಇಟ್ಟಿಗೆ ಪ್ರೋಟೀನಿನ ಗೋಡೆಗೆ ಸೇರದೆ ಕಾಳಿನೊಳಗೆ ಬಿಡಿಯಾಗಿ ಉಳಿದಿರುತ್ತದೆ. ಇದಕ್ಕೆ ವಾಸನೆ ಇಲ್ಲ. ಬಿಸಿ ತಾಗಿದಾಗ ಅದರಲ್ಲಿರುವ ಸಾರಜನಕ ಕಳಚಿಕೊಳ್ಳುತ್ತದೆ, ಉದ್ದಕ್ಕಿದ್ದ ಅಣು ಬಾಗಿ ಉಂಗುರವಾಗುತ್ತದೆ. ಆ ಉಂಗುರವೇ ಸೊಟೊಲೋನ್. 1990ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ರಸಾಯನಶಾಸ್ತ್ರಜ್ಞರು ಈ ದಾರಿಯನ್ನು ತೋರಿಸಿಕೊಟ್ಟರು.

ಈ ಅಮೈನೋ ಆಮ್ಲದ ಹೆಸರು ನೆನಪಿಟ್ಟುಕೊಳ್ಳಿ. ಸಕ್ಕರೆ ಕಾಯಿಲೆಯ ವಿಷಯಕ್ಕೆ ಬಂದಾಗ ಮತ್ತೆ ಬೇಕು.

ಮೆಂತ್ಯದ ಕಹಿಗೆ ಕಾರಣ ಬೇರೆ: ಸಪೋನಿನ್‌ಗಳು, ಜೊತೆಗೆ ಟ್ರೈಗೊನೆಲಿನ್ ಅನ್ನುವ ವಸ್ತು. ಮೆಂತ್ಯದ ಲ್ಯಾಟಿನ್ ಹೆಸರಿನಿಂದಲೇ ಅದಕ್ಕೆ ಆ ಹೆಸರು. ಚಿಕ್ಕಮಗಳೂರು, ಕೊಡಗಿನ ಕಾಫಿ ಬೀಜದಲ್ಲೂ ಅದು ಇದೆ. ಹುರಿದಾಗ ಅದರ ಒಂದು ಪಾಲು ನಯಾಸಿನ್ ಅನ್ನುವ ಬಿ ಗುಂಪಿನ ವಿಟಮಿನ್ ಆಗುತ್ತದೆ.

ನ್ಯೂಯಾರ್ಕ್ ಊರಿಗೆ ಊರೇ ಘಮ್ ಅಂದದ್ದು

ಈ ಅಣು ಎಷ್ಟು ದೂರ ಹೋಗಬಲ್ಲದು ಅನ್ನುವುದಕ್ಕೆ ಒಂದು ನಡೆದ ಸಂಗತಿ ಹೇಳುತ್ತೇನೆ. 2005ರ ಅಕ್ಟೋಬರಿನ ಒಂದು ರಾತ್ರಿ ನ್ಯೂಯಾರ್ಕಿನ ಮ್ಯಾನ್‌ಹಾಟನ್‌ನಲ್ಲಿ ಇದ್ದಕ್ಕಿದ್ದಂತೆ ಮೇಪಲ್ ಸಿರಪ್ ವಾಸನೆ ಹರಡಿತು. ಜನ ಸಹಾಯವಾಣಿಗೆ ಫೋನ್ ಮೇಲೆ ಫೋನ್ ಮಾಡಿದರು. 2001ರ ದಾಳಿ ಕಂಡಿದ್ದ ಊರು. ಯಾರೋ ವಿಷದ ಗಾಳಿ ಬಿಟ್ಟಿರಬಹುದಾ ಅಂತ ಹೆದರಿದವರೂ ಇದ್ದರು. ಮರುದಿನ ವಾಸನೆ ಮಾಯ. ಮುಂದಿನ ಮೂರು ವರ್ಷಗಳಲ್ಲಿ ಆಗಾಗ ಬರುತ್ತಿತ್ತು, ಹೋಗುತ್ತಿತ್ತು.

ಕೊನೆಗೆ ಅಧಿಕಾರಿಗಳು ಯಾವ ಬೀದಿಯಿಂದ ಎಷ್ಟು ಹೊತ್ತಿಗೆ ದೂರು ಬಂತು, ಆಗ ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಅನ್ನುವುದನ್ನು ನಕ್ಷೆಯ ಮೇಲೆ ಗುರುತು ಹಾಕಿದರು. ಗೆರೆಗಳು ಹಡ್ಸನ್ ನದಿ ದಾಟಿ ನ್ಯೂಜೆರ್ಸಿ ಕಡೆಗೆ ಹೋದವು. 2009ರ ಫೆಬ್ರವರಿಯಲ್ಲಿ ಮೇಯರ್ ಮೈಕೇಲ್ ಬ್ಲೂಮ್‌ಬರ್ಗ್ ಪತ್ರಕರ್ತರನ್ನು ಕರೆದು ಉತ್ತರ ಹೇಳಿದರು. ಆಹಾರಕ್ಕೆ ಪರಿಮಳ ತಯಾರಿಸುವ ಒಂದು ಕಾರ್ಖಾನೆಯಲ್ಲಿ ಮೆಂತ್ಯ ಕಾಳನ್ನು ಸಂಸ್ಕರಿಸುತ್ತಿದ್ದರು, ಅಷ್ಟೇ.

ಘಮದ ಗುಂಪಿನಿಂದ ಒಂದು ಅಣುವನ್ನು ಹಿಡಿಯುವುದು ಹೇಗೆ?

ಪ್ರಯೋಗಾಲಯದಲ್ಲಿ ಗ್ಯಾಸ್ ಕ್ರೊಮಾಟೋಗ್ರಫಿ ಅನ್ನುವ ಯಂತ್ರ ಇರುತ್ತದೆ. ಅದರೊಳಗೆ ಕೂದಲೆಳೆಯಷ್ಟು ಸಪೂರದ, ಹತ್ತಾರು ಮೀಟರ್ ಉದ್ದದ ಕೊಳವೆಯನ್ನು ಸುರುಳಿ ಸುತ್ತಿ ಇಟ್ಟಿರುತ್ತಾರೆ. ಘಮದ ಆವಿಯನ್ನು ಒಂದು ತುದಿಯಿಂದ ಒಳಗೆ ಬಿಡುತ್ತಾರೆ. ಕೊಳವೆಯ ಗೋಡೆಗೆ ಕೆಲವು ಅಣುಗಳು ಜಾಸ್ತಿ ಅಂಟಿಕೊಂಡು ನಿಧಾನವಾಗಿ ಸಾಗುತ್ತವೆ, ಕೆಲವು ಬೇಗ ಓಡುತ್ತವೆ. ಸಂತೆ ಬೀದಿಯಲ್ಲಿ ಪ್ರತಿ ಅಂಗಡಿ ಮುಂದೆ ನಿಲ್ಲುವವರು ಹಿಂದೆ ಬೀಳುತ್ತಾರೆ, ನೆಟ್ಟಗೆ ನಡೆಯುವವರು ಮೊದಲು ಬಸ್‌ಸ್ಟ್ಯಾಂಡ್ ಸೇರುತ್ತಾರೆ ಅಲ್ವಾ, ಹಾಗೆ. ಇನ್ನೊಂದು ತುದಿಯಲ್ಲಿ ಅಣುಗಳು ಒಂದೊಂದಾಗಿ ಹೊರಬರುತ್ತವೆ.

ಹೊರಬಂದದ್ದರ ಒಂದು ಪಾಲು ಇನ್ನೊಂದು ಯಂತ್ರಕ್ಕೆ ಹೋಗುತ್ತದೆ. ಅದು ಅಣುವನ್ನು ಒಡೆದು, ಚೂರುಗಳನ್ನು ತೂಗಿ ಯಾವ ಅಣು ಅಂತ ಹೇಳುತ್ತದೆ. ಮತ್ತೊಂದು ಪಾಲು ಗಾಜಿನ ಒಂದು ಕೊಳವೆಗೆ ಬರುತ್ತದೆ. ಅಲ್ಲಿ ಒಬ್ಬ ಮನುಷ್ಯ ಮೂಗು ಇಟ್ಟು ಕೂತಿರುತ್ತಾನೆ. "ಈಗ ಹುಲ್ಲು. ಈಗ ಏನೂ ಇಲ್ಲ. ಈಗ ಅಣಬೆ. ಈಗ ಬೆಲ್ಲ, ಜೋರಾಗಿ" ಅಂತ ಬರೆದುಕೊಳ್ಳುತ್ತಾ ಹೋಗುತ್ತಾನೆ. ಇಷ್ಟು ಯಂತ್ರ ಬಂದರೂ ಮೂಗನ್ನು ಬಿಟ್ಟಿಲ್ಲ. ಯಂತ್ರದ ಕಾಗದದ ಮೇಲೆ ಗೆರೆಯೇ ಕಾಣದಷ್ಟು ಕಡಿಮೆ ಇರುವ ಅಣುವನ್ನೂ ಮೂಗು ಹಿಡಿಯುತ್ತದೆ. ನಮ್ಮ ಕರಿಬೇವಿನ ಘಮದ ಒಂದು ಮುಖ್ಯ ಅಣು, ಗಂಧಕ ಇರುವ ಫಿನೈಲ್ಈಥೇನ್‌ಥಯಾಲ್, ಪತ್ತೆಯಾದದ್ದೂ ಹೀಗೆ ಮೂಗಿನ ಸಹಾಯದಿಂದಲೇ. ಅದೂ ತೀರಾ ಇತ್ತೀಚೆಗೆ, 2015ರಲ್ಲಿ. ನಾವು ಸಾವಿರಾರು ವರ್ಷಗಳಿಂದ ಒಗ್ಗರಣೆಗೆ ಹಾಕುತ್ತಿದ್ದೇವೆ ನೋಡಿ.

ತಿಂದದ್ದು ಬೆವರಿಗೂ ಮೂತ್ರಕ್ಕೂ ಬರುವುದು

ನಾವು ತಿಂದ ಎಲ್ಲವೂ ಹೊಟ್ಟೆಯಲ್ಲಿ ಗುರುತು ಸಿಗದಂತೆ ಒಡೆಯುವುದಿಲ್ಲ. ಕೆಲವು ಸಣ್ಣ ಅಣುಗಳು ಹಾಗೇ ರಕ್ತಕ್ಕೆ ಸೇರುತ್ತವೆ. ಅಲ್ಲಿಂದ ಮೂತ್ರ, ಬೆವರು, ಉಸಿರು, ಎದೆಹಾಲು, ಎಲ್ಲಿ ದಾರಿ ಸಿಕ್ಕರೆ ಅಲ್ಲಿ ಹೊರಗೆ ಬರುತ್ತವೆ. ಬೆಳ್ಳುಳ್ಳಿ ತಿಂದ ಮರುದಿನವೂ ಉಸಿರಿನಲ್ಲಿ ಉಳಿಯುವುದು ಹೀಗೆಯೇ.

ಮೆಂತ್ಯ ತಿಂದವರ ಮೂತ್ರದಲ್ಲಿ ಸೊಟೊಲೋನ್ ಇರುವುದನ್ನು ಪರೀಕ್ಷೆ ಮಾಡಿ ಕಂಡುಕೊಂಡಿದ್ದಾರೆ. ಬೆವರಿನ ಲೆಕ್ಕ ಸ್ವಲ್ಪ ಬೇರೆ. ಮೆಂತ್ಯ ತಿಂದವರ ಬೆವರನ್ನು ಪರೀಕ್ಷಿಸಿದ ಒಂದು ಅಧ್ಯಯನದಲ್ಲಿ 2,5-ಡೈಮೀಥೈಲ್‌ಪೈರಜೀನ್ ಅನ್ನುವ ಇನ್ನೊಂದು ಅಣು ಎದ್ದು ಕಂಡಿತು. ಹುರಿದ ಕಡಲೆಕಾಯಿಯ ಘಮದಲ್ಲಿ ಇರುವ ಬಗೆಯದು.

ಅಜ್ಜಿ ಹೇಳಿದ್ದು ಇದೇ. ತಾಯಿ ತಿಂದ ಮೆಂತ್ಯದ ಘಮ ಹಾಲಿನ ದಾರಿಯಲ್ಲಿ ಮಗುವಿಗೆ ಹೋಗಬಹುದು. ಮಗುವಿನ ಮೂತ್ರದಲ್ಲಿ ಬರಬಹುದು. ಇಷ್ಟೇ ಆದರೆ ಅದರಿಂದ ತೊಂದರೆ ಇಲ್ಲ.

ಹಾಗಾದರೆ ಆ ಕಾಯಿಲೆ ಯಾವುದು?

1954ರಲ್ಲಿ ಅಮೆರಿಕದ ಮಕ್ಕಳ ವೈದ್ಯ ಜಾನ್ ಮೆಂಕೆಸ್ ಮತ್ತು ಸಂಗಡಿಗರು ಒಂದು ಕುಟುಂಬದ ಬಗ್ಗೆ ಬರೆದರು. ಆ ಮನೆಯಲ್ಲಿ ನಾಲ್ಕು ಶಿಶುಗಳು ಹುಟ್ಟಿದ ಮೂರು ತಿಂಗಳೊಳಗೆ ತೀರಿಕೊಂಡಿದ್ದವು. ಎಲ್ಲ ಮಕ್ಕಳ ಮೂತ್ರಕ್ಕೂ ಮೇಪಲ್ ಸಿರಪ್ ವಾಸನೆ. ಕಾಯಿಲೆಗೆ ಆ ಹೆಸರೇ ನಿಂತಿತು. ಚಿಕ್ಕದಾಗಿ ಎಂಎಸ್‌ಯುಡಿ ಅನ್ನುತ್ತಾರೆ.

ಒಳಗೆ ಆಗುವುದನ್ನು ಅಕ್ಕಿ ಗಿರಣಿಗೆ ಹೋಲಿಸಿ ನೋಡಿ. ಹಾಲಿನ ಪ್ರೋಟೀನಿನಿಂದ ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಅನ್ನುವ ಮೂರು ಅಮೈನೋ ಆಮ್ಲಗಳು ಬರುತ್ತವೆ. ಮೂರು ತಳಿಯ ಭತ್ತ ಅಂದುಕೊಳ್ಳಿ. ಬೇಕಾದಷ್ಟನ್ನು ದೇಹ ಬಳಸಿಕೊಳ್ಳುತ್ತದೆ, ಮಿಕ್ಕದ್ದನ್ನು ಒಡೆಯಲು ಗಿರಣಿಗೆ ಕಳಿಸುತ್ತದೆ. ಈ ಗಿರಣಿ ಒಂದು ಕಿಣ್ವ, ಅಂದರೆ ಒಡೆಯುವ, ಜೋಡಿಸುವ ಕೆಲಸವನ್ನು ಬೇಗ ಮಾಡಿಸುವ ಪ್ರೋಟೀನ್. ಎಂಎಸ್‌ಯುಡಿ ಇರುವ ಮಗುವಿನಲ್ಲಿ ಹುಟ್ಟಿನಿಂದಲೇ ಆ ಗಿರಣಿ ಕೆಟ್ಟಿರುತ್ತದೆ. ಮೂಟೆಗಳು ಬರುತ್ತಲೇ ಇರುತ್ತವೆ, ಅಂಗಳದಲ್ಲಿ ಪೇರುತ್ತಾ ಹೋಗುತ್ತವೆ. ಹಾಗೆ ಪೇರಿದ ಲ್ಯೂಸಿನ್ ಮತ್ತು ಅದರ ಅರೆಬರೆ ಒಡೆದ ರೂಪ ಮೆದುಳಿಗೆ ವಿಷ. ಐಸೊಲ್ಯೂಸಿನ್ ಕಡೆಯ ಅರೆಬರೆ ವಸ್ತುಗಳಿಂದ ಒಂದಿಷ್ಟು ಸೊಟೊಲೋನ್ ಆಗುತ್ತದೆ. ಮೂಗಿಗೆ ಬರುವುದು ಅದು. 1999ರಲ್ಲಿ ಜರ್ಮನಿಯ ವಿಜ್ಞಾನಿಗಳು ಈ ಮಕ್ಕಳ ಮೂತ್ರದ ಘಮ ಸೊಟೊಲೋನಿನದೇ ಅಂತ ಖಚಿತ ಮಾಡಿದರು.

ಗಮನಿಸಿ, ಇಲ್ಲಿ ಕೆಡುಕು ಮಾಡುವುದು ಸೊಟೊಲೋನ್ ಅಲ್ಲ, ಲ್ಯೂಸಿನ್. ಸೊಟೊಲೋನ್ ಹೊಗೆ ಇದ್ದ ಹಾಗೆ, ಬೆಂಕಿ ಬೇರೆ ಕಡೆ ಇದೆ.

ಮಗು ಹುಟ್ಟುವಾಗ ಚೆನ್ನಾಗಿಯೇ ಇರುತ್ತದೆ. ಹೊಟ್ಟೆಯಲ್ಲಿದ್ದಾಗ ತಾಯಿಯ ದೇಹ ಆ ಕೆಲಸ ಮಾಡಿಕೊಟ್ಟಿರುತ್ತದೆ. ಹಾಲು ಕುಡಿಯಲು ಶುರು ಮಾಡಿದ ಮೇಲೆ ತೊಂದರೆ ಆರಂಭ. ಕಾಯಿಲೆಯ ತೀವ್ರ ರೂಪದಲ್ಲಿ ಎರಡು ಮೂರು ದಿನಕ್ಕೆ ಮಗು ಹಾಲು ಬಿಡುತ್ತದೆ, ಕಿರಿಕಿರಿ ಮಾಡುತ್ತದೆ, ಆಮೇಲೆ ಮಂಕಾಗುತ್ತದೆ. ಒಮ್ಮೆ ಮೈ ಜೋಲು ಬೀಳುತ್ತದೆ, ಇನ್ನೊಮ್ಮೆ ಬಿಲ್ಲಿನಂತೆ ಸೆಟೆಯುತ್ತದೆ. ಅಳು ಕೀರಲು. ಚಿಕಿತ್ಸೆ ಸಿಗದಿದ್ದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಅಪಾಯ. ಈ ಮಕ್ಕಳಲ್ಲಿ ಸಿಹಿ ವಾಸನೆ ಎಲ್ಲಕ್ಕಿಂತ ಮೊದಲು ಕಿವಿಯ ಗುಗ್ಗೆಯಲ್ಲಿ ಬರುತ್ತದೆ ಅಂತ ಅನುಭವಿ ವೈದ್ಯರು ಹೇಳುತ್ತಾರೆ.

ಪ್ರಪಂಚದಲ್ಲಿ ಸುಮಾರು 1,85,000 ಹೆರಿಗೆಗೆ ಒಂದು ಮಗುವಿಗೆ ಈ ಕಾಯಿಲೆ ಅನ್ನುವುದು ಸಾಮಾನ್ಯ ಅಂದಾಜು. ತಂದೆ ತಾಯಿ ಇಬ್ಬರಲ್ಲೂ ದೋಷದ ಜೀನ್ ಒಂದೊಂದು ಪ್ರತಿ ಇದ್ದರೆ ಮಾತ್ರ ಮಗುವಿಗೆ ಬರುತ್ತದೆ. ಆಗಲೂ ಪ್ರತಿ ಬಸಿರಿನಲ್ಲಿ ನಾಲ್ಕರಲ್ಲಿ ಒಂದು ಸಾಧ್ಯತೆ. ಇಬ್ಬರೂ ಒಂದೇ ಮನೆತನದವರಾದರೆ ಇಬ್ಬರಲ್ಲೂ ಅದೇ ಜೀನ್ ಇರುವ ಸಾಧ್ಯತೆ ಜಾಸ್ತಿ. ಅಮೆರಿಕದ ಪೆನ್ಸಿಲ್ವೇನಿಯಾದ ಮೆನೊನೈಟ್ ಸಮುದಾಯ ತಮ್ಮೊಳಗೇ ಮದುವೆಯಾಗುತ್ತಾ ಬಂದದ್ದರಿಂದ ಅಲ್ಲಿ ಕೆಲವೇ ನೂರು ಮಕ್ಕಳಲ್ಲಿ ಒಬ್ಬರಿಗೆ ಇದು ಕಾಣುತ್ತದೆ. ಸೋದರಮಾವ, ಅತ್ತೆಮಗ ಅಂತ ಸಂಬಂಧದಲ್ಲಿ ಮದುವೆ ಮಾಡುವ ರೂಢಿ ಇರುವ ಕರ್ನಾಟಕದಲ್ಲಿ ಇದನ್ನು ತಿಳಿದಿರುವುದು ಒಳ್ಳೆಯದು. 1980ರ ದಶಕದಷ್ಟು ಹಿಂದೆಯೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು ರಾಜ್ಯದ ನವಜಾತ ಶಿಶುಗಳ ರಕ್ತದಲ್ಲಿ ಅಮೈನೋ ಆಮ್ಲದ ದೋಷಗಳನ್ನು ಹುಡುಕುವ ದೊಡ್ಡ ತಪಾಸಣೆ ಮಾಡಿದ್ದರು.

ಮೂಗು ಮೋಸಹೋದ ಪ್ರಸಂಗಗಳು

1981ರಲ್ಲಿ ಅಮೆರಿಕದ ವೈದ್ಯರು ಮೆಂತ್ಯದಿಂದಲೂ ಮೂತ್ರಕ್ಕೆ ಮೇಪಲ್ ವಾಸನೆ ಬರುತ್ತದೆ ಅಂತ ವರದಿ ಮಾಡಿದರು. 1999ರಲ್ಲಿ ಜರ್ಮನಿಯ ವೈದ್ಯರು ಐದು ವಾರದ ಒಂದು ಮಗುವಿನ ಬಗ್ಗೆ ಬರೆದರು. ಈಜಿಪ್ಟ್ ಮೂಲದ ಮನೆಯವರು ಮಗುವಿಗೆ ಗಿಡಮೂಲಿಕೆಯ ಕಷಾಯ ಕುಡಿಸಿದ್ದರು. ಮಗು ಸ್ವಲ್ಪ ಹೊತ್ತು ಎಚ್ಚರ ತಪ್ಪಿತು. ಮೈಯಿಂದ ಸಿಹಿ ವಾಸನೆ. ಎಂಎಸ್‌ಯುಡಿ ಇರಬೇಕು ಅಂತ ಮೊದಲಿಗೆ ಅನುಮಾನ. ಪರೀಕ್ಷೆ ಮಾಡಿದರೆ ಮೂತ್ರದಲ್ಲಿ ಸೊಟೊಲೋನ್ ಇದೆ, ಕಾಯಿಲೆಯ ಬೇರೆ ಗುರುತು ಒಂದೂ ಇಲ್ಲ. ಕಷಾಯದಲ್ಲಿ ಇದ್ದದ್ದು ಮೆಂತ್ಯ. 2001ರ ಇನ್ನೊಂದು ವರದಿಯಲ್ಲಿ ಹೆರಿಗೆಗೆ ಮುಂಚೆ ತಾಯಿ ತಿಂದ ಮೆಂತ್ಯವೇ ಹುಟ್ಟಿದ ಮಗುವಿನ ಘಮಕ್ಕೆ ಕಾರಣವಾಗಿತ್ತು.

ಬೇರೆ ದೇಶದಲ್ಲಿ ಮಗುವಿಗೆ ಈ ವಾಸನೆ ಬಂದರೆ ವೈದ್ಯರಿಗೆ ಕಾಯಿಲೆಯ ನೆನಪಾಗುತ್ತದೆ. ನಮ್ಮಲ್ಲಿ ಅಜ್ಜಿಗೆ ಮೆಂತ್ಯದ ನೆನಪಾಗುತ್ತದೆ. ನನಗೆ ಭಯ ಇರುವುದು ಈ ಎರಡನೆಯದರ ಬಗ್ಗೆಯೇ. ಬಹುಪಾಲು ಅಜ್ಜಿಯೇ ಸರಿ. ಆದರೆ ಹಾಲು ಬಿಟ್ಟು ಮಂಕಾಗಿರುವ ಮಗುವನ್ನೂ "ಮೆಂತ್ಯದ ವಾಸನೆ, ಸರಿಹೋಗತ್ತೆ" ಅಂತ ಮನೆಯಲ್ಲಿ ಇಟ್ಟುಕೊಂಡರೆ ಕಳೆದ ಒಂದೊಂದು ಗಂಟೆಯೂ ಮೆದುಳಿಗೆ ನಷ್ಟ. ಮೂಗಿಗೆ ಈ ಎರಡನ್ನು ಬೇರೆ ಮಾಡಲು ಬರುವುದಿಲ್ಲ. ರಕ್ತ ಪರೀಕ್ಷೆಗೆ ಬರುತ್ತದೆ.

ಪರೀಕ್ಷೆ ಸರಳ. ಮಗುವಿನ ಹಿಮ್ಮಡಿಗೆ ಸಣ್ಣಗೆ ಚುಚ್ಚಿ, ವಿಶೇಷ ಕಾಗದದ ಮೇಲೆ ಕೆಲವು ಹನಿ ರಕ್ತ ತೆಗೆದುಕೊಂಡು ಒಣಗಿಸುತ್ತಾರೆ. ಪ್ರಯೋಗಾಲಯದಲ್ಲಿ ಲ್ಯೂಸಿನ್ ಗುಂಪಿನ ಪ್ರಮಾಣ ಅಳೆಯುತ್ತಾರೆ. ಅನುಮಾನ ಬಂದರೆ ಅಲೊಐಸೊಲ್ಯೂಸಿನ್ ಅನ್ನುವ ಇನ್ನೊಂದನ್ನು ಹುಡುಕುತ್ತಾರೆ. ಅದು ಏರಿದ್ದರೆ ಎಂಎಸ್‌ಯುಡಿ ಅಂತಲೇ ಅರ್ಥ. ಎಷ್ಟೇ ಮೆಂತ್ಯ ತಿಂದರೂ ಅದು ಏರುವುದಿಲ್ಲ. ಭಾರತದಲ್ಲಿ ಎಲ್ಲ ಮಕ್ಕಳಿಗೂ ಈ ತಪಾಸಣೆ ಕಡ್ಡಾಯ ಇಲ್ಲ. ಹಲವು ಆಸ್ಪತ್ರೆಗಳಲ್ಲಿ ಕೇಳಿದರೆ ಮಾಡುತ್ತಾರೆ.

ನಮ್ಮ ಕೂಸನ್ನು ಕರೆದುಕೊಂಡು ಹೋದಾಗ ಡಾಕ್ಟರ್ ಮೊದಲು ಕೇಳಿದ್ದು ಎರಡೇ ಪ್ರಶ್ನೆ. "ಮಗು ಚೆನ್ನಾಗಿ ಹಾಲು ಕುಡಿತಿದೆಯಾ? ನೀವು ಮೆಂತ್ಯ ತಿಂತಿದ್ದೀರಾ ಅಮ್ಮಾ?" ಎರಡಕ್ಕೂ ಹೌದು. ಹಾಗಿದ್ದರೂ ರಕ್ತ ತೆಗೆಸಿದರು. ವರದಿ ಸರಿಯಾಗಿತ್ತು. ಅಜ್ಜಿ ಆ ವಾರ ಉಂಡೆ ನಿಲ್ಲಿಸಿದರು, ಎರಡು ಮೂರು ದಿನದಲ್ಲಿ ಬಟ್ಟೆಯ ಘಮ ಹೋಯಿತು.

ಕಾಯಿಲೆ ಇದ್ದೇ ಇದ್ದರೂ ಇವತ್ತು ದಾರಿ ಇದೆ. ಲ್ಯೂಸಿನ್ ಇಲ್ಲದ ವಿಶೇಷ ಹಾಲಿನ ಪುಡಿ, ಜೀವನಪೂರ್ತಿ ಅಳೆದು ಕೊಡುವ ಪ್ರೋಟೀನ್, ಜ್ವರ ಬಂದಾಗ ಹೆಚ್ಚಿನ ಎಚ್ಚರ. ಕೆಲವರಿಗೆ ಥಯಾಮಿನ್ ವಿಟಮಿನ್ ಸಹಾಯ ಮಾಡುತ್ತದೆ. ಯಕೃತ್ತಿನ ಕಸಿ ಮಾಡಿದರೆ ಹೊಸ ಯಕೃತ್ತಿನ ಜೊತೆ ಕೆಲಸ ಮಾಡುವ ಗಿರಣಿಯೂ ಬರುತ್ತದೆ.

ಇನ್ನು ಸಕ್ಕರೆ ಕಾಯಿಲೆ ಮತ್ತು ಮೆಂತ್ಯದ ನೀರು

ವಾಟ್ಸಾಪಿನಲ್ಲಿ ಬರುತ್ತಲೇ ಇರುತ್ತದೆ: ರಾತ್ರಿ ಮೆಂತ್ಯ ನೆನೆಸಿ, ಬೆಳಿಗ್ಗೆ ನೀರು ಕುಡಿಯಿರಿ, ಶುಗರ್ ಮಾಯ. ಇದರಲ್ಲಿ ನಿಜ ಎಷ್ಟು?

ಮೆಂತ್ಯಕ್ಕೆ ಇಲ್ಲಿ ಎರಡು ದಾರಿ ಇದೆ. ಮೊದಲನೆಯದು ನಾರು. ಕಾಳಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನಾರೇ. ಅದರಲ್ಲಿ ದೊಡ್ಡ ಪಾಲು ಗ್ಯಾಲಕ್ಟೊಮನ್ನಾನ್ ಅನ್ನುವ ಲೋಳೆ. ನೆನೆಸಿದ ಕಾಳನ್ನು ಬೆರಳಿನಲ್ಲಿ ಹಿಚುಕಿದರೆ ಜಾರುತ್ತದಲ್ಲ, ಅದು. ಹೊಟ್ಟೆಯಲ್ಲಿ ಈ ಲೋಳೆ ಊಟದ ಜೊತೆ ಬೆರೆತು ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನ ಮಾಡುತ್ತದೆ. ಕೆಸರು ಗದ್ದೆಯಲ್ಲಿ ನಡೆದಂತೆ, ತಲುಪುತ್ತದೆ, ಆದರೆ ತಡವಾಗಿ. ಕಾಳು ಬಿಟ್ಟು ನೀರು ಮಾತ್ರ ಕುಡಿದರೆ ಈ ನಾರಿನ ಬಹುಪಾಲು ಲೋಟದ ತಳದಲ್ಲೇ ಉಳಿಯುತ್ತದೆ.

ಎರಡನೆಯದು ನಮ್ಮ ಹಳೆಯ ಪರಿಚಯ, 4-ಹೈಡ್ರಾಕ್ಸಿಐಸೊಲ್ಯೂಸಿನ್. ಬಾಣಲೆಯಲ್ಲಿ ಘಮವಾಗುವ ವಸ್ತು. 1998ರಲ್ಲಿ ಫ್ರಾನ್ಸಿನ ಮಾಂಟ್‌ಪೆಲಿಯರ್‌ನ ವಿಜ್ಞಾನಿಗಳು ಇಲಿ ಮತ್ತು ಮನುಷ್ಯರ ಮೇದೋಜೀರಕ ಗ್ರಂಥಿಯಿಂದ ಬೇರ್ಪಡಿಸಿದ ಜೀವಕೋಶಗಳ ಮೇಲೆ ಇದನ್ನು ಹಾಕಿ ನೋಡಿದರು. ಸುತ್ತ ಸಕ್ಕರೆ ಹೆಚ್ಚಿದ್ದಾಗ ಕೋಶಗಳು ಹೆಚ್ಚು ಇನ್ಸುಲಿನ್ ಬಿಟ್ಟವು. ಆದರೆ ಇದು ಪ್ರಯೋಗಾಲಯದ ಬಟ್ಟಲಿನಲ್ಲಿ ಕಂಡದ್ದು. ನಮ್ಮ ಹೊಟ್ಟೆಗೆ ಹೋದ ಮೆಂತ್ಯ ಅಷ್ಟೇ ಕೆಲಸ ಮಾಡುತ್ತದೆ ಅಂತ ಅದರಿಂದ ಹೇಳಲು ಬರುವುದಿಲ್ಲ.

ಮನುಷ್ಯರ ಮೇಲಿನ ಹೆಸರಾದ ಪ್ರಯೋಗ ನಡೆದದ್ದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಲ್ಲಿ. ಆರ್. ಡಿ. ಶರ್ಮಾ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಟೈಪ್ 1 ಮಧುಮೇಹಿಗಳಿಗೆ ಮಧ್ಯಾಹ್ನ, ರಾತ್ರಿ ಊಟದ ಜೊತೆ ಕೊಬ್ಬು ತೆಗೆದ ಮೆಂತ್ಯದ ಪುಡಿ ಕೊಟ್ಟರು. ರಕ್ತದ ಸಕ್ಕರೆ ಇಳಿಯಿತು, ಮೂತ್ರದಲ್ಲಿ ಹೋಗುವ ಸಕ್ಕರೆ 54% ಕಡಿಮೆ ಆಯಿತು. ಇಲ್ಲಿ ಪ್ರಮಾಣ ನೋಡಿ: ದಿನಕ್ಕೆ 100 ಗ್ರಾಂ. ಒಂದು ಟೀ ಚಮಚ ಮೆಂತ್ಯ ಸುಮಾರು 4 ಗ್ರಾಂ. ಅಂದರೆ ದಿನಕ್ಕೆ 25 ಚಮಚ. ಅಷ್ಟು ಮೆಂತ್ಯ ದಿನವೂ ತಿನ್ನುವುದು ಆಗದ ಮಾತು.

ಆಮೇಲೆ ಕಡಿಮೆ ಪ್ರಮಾಣದಲ್ಲೂ ಹಲವು ಪ್ರಯೋಗ ಆಗಿವೆ. ಎಲ್ಲವನ್ನೂ ಒಟ್ಟು ಹಾಕಿ ನೋಡಿದವರು ಹೇಳುವುದು: ಸಕ್ಕರೆ ಸ್ವಲ್ಪ ಇಳಿಯುತ್ತದೆ, ಆದರೆ ಹೆಚ್ಚಿನ ಪ್ರಯೋಗಗಳು ಸಣ್ಣವು, ಕೆಲವು ದಿನ ಅಥವಾ ಕೆಲವು ವಾರದವು, ನಡೆಸಿದ ರೀತಿಯಲ್ಲೂ ಕೊರತೆ ಇದೆ. ಊಟದ ಭಾಗವಾಗಿ ಮೆಂತ್ಯ ಒಳ್ಳೆಯದೇ. ಮಾತ್ರೆ ಬಿಟ್ಟು ಅದನ್ನೇ ನಂಬುವಷ್ಟು ಪುರಾವೆ ಇಲ್ಲ. ಎದೆಹಾಲು ಹೆಚ್ಚುತ್ತದೆ ಅನ್ನುವ ಮಾತಿಗೂ ಇಲ್ಲಿಯವರೆಗಿನ ಪುರಾವೆ ದುರ್ಬಲವೇ.

ಹುಳಿಪುಡಿ, ದೋಸೆ ಹಿಟ್ಟು, ಮೆಂತ್ಯ ಸೊಪ್ಪಿನ ಪಲ್ಯದಲ್ಲಿ ಬರುವಷ್ಟಕ್ಕೆ ಯೋಚನೆ ಮಾಡಬೇಕಾಗಿಲ್ಲ. ದಿನಾ ಚಮಚಗಟ್ಟಲೆ ಪುಡಿ ಅಥವಾ ಅಂಗಡಿಯಿಂದ ತಂದ ಮೆಂತ್ಯದ ಕ್ಯಾಪ್ಸೂಲ್ ತೆಗೆದುಕೊಳ್ಳುವವರು ಡಾಕ್ಟರಿಗೆ ಹೇಳಿರಬೇಕು. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ಜೊತೆ ಸೇರಿ ಸಕ್ಕರೆ ತೀರಾ ಇಳಿಯಬಹುದು. ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ತಿನ್ನುವವರಲ್ಲಿ ಅದರ ಪರಿಣಾಮ ಹೆಚ್ಚಾದ ವರದಿ ಇದೆ. ಕಡಲೆಕಾಯಿ, ಕಡಲೆಕಾಳು ಆಗದವರಿಗೆ ಮೆಂತ್ಯವೂ ಆಗದೆ ಇರಬಹುದು, ಎಲ್ಲವೂ ಒಂದೇ ಕುಟುಂಬದ ಗಿಡಗಳು. ಬಸುರಿಯರು ಔಷಧಿಯ ಪ್ರಮಾಣದಲ್ಲಿ ತಿನ್ನಬಾರದು. ಹೊಟ್ಟೆಯುಬ್ಬರ, ಭೇದಿ ಬಂದರೆ ಪ್ರಮಾಣ ಜಾಸ್ತಿ ಆಗಿದೆ ಅಂತ ತಿಳಿಯಿರಿ. ಬಾಣಂತಿ ಮನೆಯಲ್ಲಿ ಉಂಡೆ ಕಟ್ಟಿದ್ದರೆ, ಮಗುವನ್ನು ಮೊದಲ ಸಲ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದಾಗಲೇ "ತಾಯಿ ದಿನಕ್ಕೆ ಇಷ್ಟು ಮೆಂತ್ಯ ತಿಂತಿದ್ದಾಳೆ" ಅಂತ ಹೇಳಿಬಿಡಿ, ಅವರು ಕೇಳುವವರೆಗೆ ಕಾಯಬೇಡಿ.